ಕಾರಣ ಹೇಳದೆ ಕಮಾಂಡ್ ಕೊಡಬೇಡಿ: ಲಿನಕ್ಸ್ ನೆರವು ಗುಂಪುಗಳ ಹಿರಿಯರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಲಿನಕ್ಸ್ ಮತ್ತಿತರ ಮುಕ್ತ ತಂತ್ರಾಂಶಗಳ ಬಳಕೆದಾರರ ಗುಂಪುಗಳ ನಿರ್ವಾಹಕರು ಹಾಗೂ ಅಲ್ಲಿ ಪರಿಹಾರ ಹೇಳುವ ಹಿರಿಯ ಸದಸ್ಯರು

ವಿಷಯ: ಕಾರಣ, ಪರಿಣಾಮ ತಿಳಿಸದೆ ಹೊಸಬರ ಕೈಗೆ ಕಮಾಂಡ್ ಕೊಡುವ ರೂಢಿಯನ್ನು ನಿಲ್ಲಿಸುವ ಬಗ್ಗೆ

ಮಾನ್ಯರೇ,

ನಿಮ್ಮಲ್ಲಿ ಹಲವರ ಹೆಸರು ನನಗೆ ಗೊತ್ತು, ಮುಖ ಗೊತ್ತಿಲ್ಲ. ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ಮುಕ್ತ ವ್ಯವಸ್ಥೆಯಾದ ಲಿನಕ್ಸ್ ಬಗ್ಗೆ ನನಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ನಿಮ್ಮಂಥವರು ಬರೆದಿಟ್ಟ ಉತ್ತರಗಳಿಂದ ಬಂದದ್ದು. ಯಾರೂ ಸಂಬಳ ಕೊಡುವುದಿಲ್ಲ, ಎಷ್ಟೋ ಸಲ ಧನ್ಯವಾದವನ್ನೂ ಹೇಳುವುದಿಲ್ಲ. ಆದರೂ ಅಪರಿಚಿತರ ವೈಫೈ, ಪ್ರಿಂಟರ್, ಕಪ್ಪು ಪರದೆಗಳ ಹಿಂದೆ ನಿಮ್ಮ ಸಂಜೆಗಳನ್ನು ಕಳೆಯುತ್ತೀರಿ. ಈ ಋಣವನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಏಕೆಂದರೆ ಮುಂದೆ ಬರೆಯುವುದು ದೂರು, ಮತ್ತು ಅದನ್ನು ನಿಮ್ಮವರಲ್ಲೊಬ್ಬರ ದೂರಾಗಿ ಓದಬೇಕೆಂದು ಕೋರುತ್ತೇನೆ.

ದೂರು ಇಷ್ಟು: ನಮ್ಮ ಗುಂಪುಗಳಲ್ಲಿ ಸಮಸ್ಯೆಯನ್ನು ಪೂರ್ತಿ ಓದುವ ಮೊದಲೇ ಕಮಾಂಡ್ (ಕಂಪ್ಯೂಟರಿಗೆ ಟೈಪ್ ಮಾಡಿ ಕೊಡುವ ಆದೇಶ) ಕೊಡುವುದು ರೂಢಿಯಾಗಿದೆ. ಅದು ಏನು ಮಾಡುತ್ತದೆ, ಯಾಕೆ ಬೇಕು, ಕೈಕೊಟ್ಟರೆ ಹಿಂದಕ್ಕೆ ಬರುವುದು ಹೇಗೆ ಎಂಬ ಒಂದು ಸಾಲೂ ಜೊತೆಗಿರುವುದಿಲ್ಲ. ಇದರಿಂದ ಆಗುವ ಹಾನಿ ಎಂಥದ್ದು ಎಂಬುದನ್ನು ಈಚೆಗೆ ನಾನೇ ಕಂಡೆ.

ಒಬ್ಬ ಸಂಶೋಧನಾ ವಿದ್ಯಾರ್ಥಿನಿ ತಮ್ಮ ತೊಂದರೆ ಹೇಳಿಕೊಂಡಿದ್ದರು. ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇವೆ. ವಿಂಡೋಸ್ ಕಡೆಯ ಡ್ರೈವ್‌ನಲ್ಲಿರುವ ಫೈಲುಗಳು ಲಿನಕ್ಸ್‌ನಲ್ಲಿ ತೆರೆಯುತ್ತವೆ, ತಿದ್ದಿ ಸೇವ್ ಮಾಡಲು ಹೋದರೆ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಎನ್ನುತ್ತದೆ. ಹಿಂದಿನ ದಿನ ವಿಂಡೋಸ್‌ಗೆ ಹೋಗಿ ಅಪ್‌ಡೇಟ್ ಮಾಡಿಕೊಂಡು ಬಂದಿದ್ದೆ, ಅದಕ್ಕೆ ಮುಂಚೆ ಎಲ್ಲ ಸರಿಯಿತ್ತು ಎಂದೂ ಬರೆದಿದ್ದರು. ಜೊತೆಗೆ ಲಾಗ್‌ನ, ಅಂದರೆ ಯಂತ್ರ ತಾನೇ ಬರೆದಿಡುವ ದಾಖಲೆಯ, ಕೆಲವು ಸಾಲುಗಳನ್ನು ಅಂಟಿಸಿದ್ದರು. ಹೊಸಬರ ಪ್ರಶ್ನೆ ಹೀಗಿರಬೇಕು ಎಂದು ನಾವು ಸದಾ ಹೇಳುತ್ತೇವಲ್ಲ, ಹಾಗೆಯೇ ಇತ್ತು ಅದು.

ಕೆಲವೇ ನಿಮಿಷಗಳಲ್ಲಿ ಉತ್ತರ ಬಂತು. ಒಂದೇ ಸಾಲು: ‘ಸುಡೊ ಸಿಎಚ್‌ಮಾಡ್ -ಆರ್ 777 / ಮೀಡಿಯಾ/ಡೇಟಾ’. ‘ಸುಡೊ’ ಎಂದರೆ ಯಂತ್ರದ ಪೂರ್ಣಾಧಿಕಾರದೊಂದಿಗೆ ಓಡಿಸು, ‘ಸಿಎಚ್‌ಮಾಡ್’ ಎಂದರೆ ಫೈಲುಗಳ ಅನುಮತಿ ಬದಲಿಸು, ಒಂಟಿ ಓರೆಗೆರೆ ಎಂದರೆ ಇಡೀ ವ್ಯವಸ್ಥೆಯ ಬೇರು. ದಯವಿಟ್ಟು ಆ ಸಾಲನ್ನು ಇನ್ನೊಮ್ಮೆ ನೋಡಿ. ಓರೆಗೆರೆಗೂ ‘ಮೀಡಿಯಾ’ ಎಂಬುದಕ್ಕೂ ನಡುವೆ ಒಂದು ಖಾಲಿ ಜಾಗ ನುಸುಳಿದೆ. ಫೋನಿನಲ್ಲಿ ಅವಸರದಲ್ಲಿ ಟೈಪ್ ಮಾಡಿದ್ದಿರಬೇಕು. ಆದರೆ ಆ ಖಾಲಿ ಜಾಗದಿಂದಾಗಿ ಕಮಾಂಡಿನ ಗುರಿ ಒಂದು ಡ್ರೈವ್ ಆಗಿ ಉಳಿಯದೆ ಇಡೀ ವ್ಯವಸ್ಥೆಯೇ ಆಯಿತು. ಬೇರಿನಿಂದ ಹಿಡಿದು ಪ್ರತಿಯೊಂದು ಫೈಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಓಡಿಸಬಹುದು ಎಂಬ ಅಪ್ಪಣೆ ಅದು. ಆಕೆ ಅದನ್ನು ಹಾಗೆಯೇ ನಕಲು ಮಾಡಿ ಟರ್ಮಿನಲ್‌ಗೆ ಹಾಕಿದರು. ಪಾಸ್‌ವರ್ಡ್ ಕೇಳಿತು, ಕೊಟ್ಟರು.

ಮುಂದೆ ಏನಾಯಿತೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಹೊಸ ಓದುಗರಿಗಾಗಿ ಬರೆಯುತ್ತೇನೆ. ಸುಡೊ ಕೆಲಸ ಮಾಡಬೇಕಾದರೆ ಆ ಪ್ರೋಗ್ರಾಮಿನ ಫೈಲಿಗೆ ‘ಸೆಟ್‌ಯುಐಡಿ’ ಎಂಬ ವಿಶೇಷ ಗುರುತು ಇರಲೇಬೇಕು. 777 ಎಂದು ಅಂಕಿಯಲ್ಲಿ ಅನುಮತಿ ಬದಲಿಸಿದಾಗ ಫೈಲುಗಳ ಮೇಲಿನ ಆ ಗುರುತು ಅಳಿಸಿಹೋಗುತ್ತದೆ. ಹಾಗಾಗಿ ಆಕೆ ಮುಂದಿನ ಸಲ ಸುಡೊ ಎಂದಾಗ, ನನಗೆ ಸೆಟ್‌ಯುಐಡಿ ಗುರುತು ಬೇಕು ಎಂದು ಅದು ನಿಂತುಬಿಟ್ಟಿತು. ಆದ ತಪ್ಪನ್ನು ಸರಿಪಡಿಸಲು ಬೇಕಾದ ಅಧಿಕಾರವೇ ಕೈತಪ್ಪಿತು. ದೂರದ ಯಂತ್ರಗಳಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಖಾಸಗಿ ಕೀಲಿಗಳೂ ನಿಷ್ಪ್ರಯೋಜಕವಾದವು. ಎಲ್ಲರೂ ಓದಬಹುದಾದ ಕೀಲಿಯನ್ನು ಎಸ್‌ಎಸ್‌ಎಚ್ ಒಪ್ಪುವುದಿಲ್ಲ.

ಇನ್ನೂ ಒಂದು ಸಂಗತಿ ಹಲವು ಹಿರಿಯರಿಗೇ ತಿಳಿದಿಲ್ಲವೆಂದು ಕಾಣುತ್ತದೆ. ಫೈಲ್ ಅಳಿಸುವ ‘ಆರ್‌ಎಂ’ ಕಮಾಂಡನ್ನು ಬೇರಿನ ಮೇಲೆಯೇ ಪ್ರಯೋಗಿಸಿದರೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಅದರ ಗ್ನು ಆವೃತ್ತಿ ಈಗ ತಾನಾಗಿಯೇ ನಿರಾಕರಿಸುತ್ತದೆ. ಆ ಕಾವಲನ್ನು ಬಹಳ ಹಿಂದೆಯೇ ಹಾಕಲಾಗಿದೆ. ಸಿಎಚ್‌ಮಾಡ್‌ನಲ್ಲಿ ಅದೇ ಬಗೆಯ ಆಯ್ಕೆ ಇದ್ದರೂ ಕೇಳಿ ಹಾಕಿಕೊಳ್ಳದ ಹೊರತು ಅದು ಜಾರಿಯಲ್ಲಿರುವುದಿಲ್ಲ. ಒಂದು ಖಾಲಿ ಜಾಗದ ತಪ್ಪನ್ನು ತಡೆಯಲು ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ಬಂದ ಸಲಹೆ: ‘ರೀಇನ್‌ಸ್ಟಾಲ್ ಮಾಡಿ, ಅರ್ಧ ಗಂಟೆಯ ಕೆಲಸ.’ ಫೈಲುಗಳನ್ನು ಮೊದಲು ಹೊರಗೆ ತೆಗೆದಿಟ್ಟುಕೊಳ್ಳಿ ಎಂದು ಒಬ್ಬರೂ ಹೇಳಲಿಲ್ಲ. ಆಕೆ ಇನ್‌ಸ್ಟಾಲರ್‌ನಲ್ಲಿ ‘ಇಡೀ ಡಿಸ್ಕ್ ಅಳಿಸಿ’ ಎಂಬುದನ್ನು ಆರಿಸಿದರು. ವಿಂಡೋಸ್, ಅದರ ಡ್ರೈವ್‌ನಲ್ಲಿದ್ದ ಸಂದರ್ಶನಗಳ ಧ್ವನಿಮುದ್ರಣ, ಪ್ರಬಂಧದ ಕರಡು ಎಲ್ಲ ಹೋದವು. ಅದನ್ನು ತಿಳಿಸಿದಾಗ ಬಂದ ಕೊನೆಯ ಪ್ರತಿಕ್ರಿಯೆ: ‘ಬ್ಯಾಕಪ್ ಇಟ್ಟುಕೊಂಡಿರಲಿಲ್ಲವೇ?’ ಅಲ್ಲಿಗೆ ಚರ್ಚೆ ಮುಗಿಯಿತು. ಆಕೆ ಮತ್ತೆ ಬರಲಿಲ್ಲ.

ನನ್ನನ್ನು ಹೆಚ್ಚು ನೋಯಿಸಿದ್ದು ಇದರ ಮುಂದಿನ ಭಾಗ. ಎಲ್ಲ ಮುಗಿದ ಮೇಲೆ ಆಕೆ ಮೊದಲು ಅಂಟಿಸಿದ್ದ ಲಾಗ್ ಓದಿದೆ. ಅದರಲ್ಲಿ ವಿಂಡೋಸ್ ಡ್ರೈವ್‌ಗಳನ್ನು ಓದಿ ಬರೆಯುವ ಎನ್‌ಟಿಎಫ್‌ಎಸ್ ಡ್ರೈವರ್ ಸ್ಪಷ್ಟವಾಗಿ ಹೇಳಿತ್ತು: ಈ ಪಾರ್ಟಿಷನ್ (ಡಿಸ್ಕ್‌ನ ಈ ಭಾಗ) ಸುರಕ್ಷಿತ ಸ್ಥಿತಿಯಲ್ಲಿಲ್ಲ, ಆದ್ದರಿಂದ ಓದಲು ಮಾತ್ರ ತೆರೆಯುತ್ತಿದ್ದೇನೆ, ವಿಂಡೋಸನ್ನು ಮತ್ತೆ ಆರಂಭಿಸಿ, ಹೈಬರ್ನೇಷನ್ ಅಥವಾ ಫಾಸ್ಟ್ ರೀಸ್ಟಾರ್ಟ್ ಇಲ್ಲದೆ ಪೂರ್ತಿ ಶಟ್‌ಡೌನ್ ಮಾಡಿ. ಕಾರಣವೂ ಅಲ್ಲೇ ಇತ್ತು, ಪರಿಹಾರವೂ ಅಲ್ಲೇ ಇತ್ತು. ವಿಂಡೋಸ್ 8ರಿಂದ ಬಂದಿರುವ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತನ್ನ ಒಂದಿಷ್ಟು ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಕೊಂಡು ಮಲಗುತ್ತದೆ. ಆ ಹೊತ್ತಿನಲ್ಲಿ ಬೇರೆ ವ್ಯವಸ್ಥೆ ಅಲ್ಲಿ ಬರೆದರೆ ದತ್ತಾಂಶ ಕೆಡುವ ಭಯ. ಅದಕ್ಕಾಗಿ ಲಿನಕ್ಸ್ ಬರೆಯಲು ಬಿಡಲಿಲ್ಲ. ಅದು ಆಕೆಯ ಫೈಲುಗಳನ್ನು ಕಾಯುತ್ತಿತ್ತು. ಖಾಲಿ ಜಾಗ ನುಸುಳದೆ ಇದ್ದಿದ್ದರೂ ಆ ಸಿಎಚ್‌ಮಾಡ್‌ನಿಂದ ಏನೂ ಆಗುತ್ತಿರಲಿಲ್ಲ, ಏಕೆಂದರೆ ಸಮಸ್ಯೆ ಅನುಮತಿಯದ್ದೇ ಆಗಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆವು.

ವ್ಯವಸ್ಥೆ ಕೆಟ್ಟ ಮೇಲೂ ಆಕೆಯ ದತ್ತಾಂಶ ಸುರಕ್ಷಿತವಾಗಿಯೇ ಇತ್ತು. ಅನುಮತಿ ಬದಲಾದರೆ ಫೈಲಿನ ಒಳಗಿನದು ಬದಲಾಗುವುದಿಲ್ಲ. ಲೈವ್ ಯುಎಸ್‌ಬಿಯಿಂದ, ಅಂದರೆ ಇನ್‌ಸ್ಟಾಲ್ ಮಾಡದೆ ಲಿನಕ್ಸ್ ಓಡಿಸುವ ಪೆನ್‌ಡ್ರೈವ್‌ನಿಂದ, ಬೂಟ್ ಮಾಡಿ ಬೇಕಾದ್ದನ್ನೆಲ್ಲ ಇನ್ನೊಂದು ಡಿಸ್ಕ್‌ಗೆ ನಕಲಿಸಿಕೊಳ್ಳಬಹುದಿತ್ತು. ಆರ್‌ಪಿಎಂ ಎಂಬ ಪ್ಯಾಕೇಜ್ ವ್ಯವಸ್ಥೆ ಬಳಸುವ ಡಿಸ್ಟ್ರೋಗಳಲ್ಲಿ (ಫೆಡೋರಾದಂಥ ಲಿನಕ್ಸ್ ವಿತರಣೆಗಳಲ್ಲಿ) ಪ್ಯಾಕೇಜುಗಳ ಮೂಲ ಅನುಮತಿಗಳನ್ನು ಮರಳಿ ಹಾಕುವ ಸೌಲಭ್ಯವೂ ಇದೆ. ರೀಇನ್‌ಸ್ಟಾಲ್ ಅನಿವಾರ್ಯವೇ ಆಗಿದ್ದರೂ ಲಿನಕ್ಸ್ ಪಾರ್ಟಿಷನ್ ಒಂದನ್ನೇ ಆರಿಸಿಕೊಂಡಿದ್ದರೆ ವಿಂಡೋಸ್ ಡ್ರೈವ್‌ಗೆ ಕೈ ಹಚ್ಚುವ ಪ್ರಮೇಯವೇ ಇರಲಿಲ್ಲ. ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳು. ಆಕೆಗೆ ಗೊತ್ತಿರಲಿಲ್ಲ, ಅದಕ್ಕಾಗಿಯೇ ನಮ್ಮ ಬಳಿ ಬಂದಿದ್ದರು.

ಹಿರಿಯರೇ, ಸುಡೊ ಎಂದು ಶುರುವಾಗುವ ಸಾಲನ್ನು ನೀವು ಬರೆದ ಕ್ಷಣ ಇನ್ನೊಬ್ಬರ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದೀರಿ. ಬೆರಳು ಅವರದ್ದು, ನಿರ್ಧಾರ ನಿಮ್ಮದು. ‘ಗೊತ್ತಿಲ್ಲದ ಕಮಾಂಡ್ ಓಡಿಸಬೇಡಿ ಎಂದು ನಾವು ಎಚ್ಚರಿಸುತ್ತಲೇ ಇರುತ್ತೇವೆ’ ಎಂದು ನೀವು ಹೇಳಬಹುದು. ಆದರೆ ಅದೇ ಗುಂಪಿನಲ್ಲಿ, ಹತ್ತಾರು ವರ್ಷ ಅನುಭವವಿರುವವರು ಕೊಟ್ಟ ಸಾಲನ್ನು ನಂಬಬೇಡ ಎಂದರೆ ಹೊಸಬರು ಯಾರನ್ನು ನಂಬಬೇಕು?

ಮುಕ್ತ ತಂತ್ರಾಂಶದ ಹುಟ್ಟಿನ ಹಿಂದೆ ಇಂಥದ್ದೇ ಒಂದು ದಿನನಿತ್ಯದ ತೊಂದರೆಯಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಮುಕ್ತ ತಂತ್ರಾಂಶ ಚಳವಳಿ ಆರಂಭಿಸಿದ ರಿಚರ್ಡ್ ಸ್ಟಾಲ್ಮನ್ ಕೆಲಸ ಮಾಡುತ್ತಿದ್ದ ಎಂಐಟಿ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಒಂದು ಲೇಸರ್ ಪ್ರಿಂಟರ್ ಬಂದಿತ್ತು. ಕಾಗದ ಸಿಕ್ಕಿಕೊಂಡಾಗ ಬಳಕೆದಾರರಿಗೆ ಸೂಚನೆ ಹೋಗುವಂತೆ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ಅವರು ತಿದ್ದಿಕೊಂಡಿದ್ದರು. ಹೊಸದರಲ್ಲಿ ಅದು ಸಾಧ್ಯವಾಗಲಿಲ್ಲ, ಮೂಲಸಂಕೇತ (ಸೋರ್ಸ್ ಕೋಡ್) ಇರಲಿಲ್ಲ. ಅದು ಕೈಯಲ್ಲಿದ್ದ ಇನ್ನೊಂದು ವಿಶ್ವವಿದ್ಯಾಲಯದವರನ್ನು ಕೇಳಿದಾಗ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದರು. ಆ ನಿರಾಕರಣೆ ತಮ್ಮ ಮೇಲೆ ಆಳವಾದ ಪರಿಣಾಮ ಬೀರಿತೆಂದು ಸ್ಟಾಲ್ಮನ್ ಹಲವು ಕಡೆ ಹೇಳಿದ್ದಾರೆ. 1983ರ ಸೆಪ್ಟೆಂಬರ್‌ನಲ್ಲಿ ಅವರು ಮುಕ್ತ ತಂತ್ರಾಂಶಗಳಿಂದಲೇ ಒಂದು ಪೂರ್ತಿ ವ್ಯವಸ್ಥೆ ಕಟ್ಟುವ ಗ್ನು ಯೋಜನೆಯನ್ನು ಸಾರಿದರು. ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತದೆಂದು ಅರಿಯುವ ಸ್ವಾತಂತ್ರ್ಯ, ಮುಕ್ತ ತಂತ್ರಾಂಶದ ನಾಲ್ಕು ಸ್ವಾತಂತ್ರ್ಯಗಳಲ್ಲಿ ಒಂದಾಯಿತು.

ಮೂಲಸಂಕೇತ ತೆರೆದಿದೆ, ನಿಜ. ಆದರೆ ಸಂಕೇತ ಓದಲು ಬಾರದ ಬಳಕೆದಾರರಿಗೆ ಆ ಸ್ವಾತಂತ್ರ್ಯ ತಲುಪುವುದು ನಿಮ್ಮ ವಿವರಣೆಯ ಮೂಲಕ. ‘ಇದನ್ನು ಅಂಟಿಸಿ, ಸರಿಹೋಗುತ್ತದೆ’ ಎಂದಷ್ಟೇ ಹೇಳಿದರೆ ಅವರ ಪಾಲಿಗೆ ಲಿನಕ್ಸ್ ಕೂಡ ಒಳಗೇನಿದೆಯೆಂದು ತಿಳಿಯದ ಮುಚ್ಚಿದ ಪೆಟ್ಟಿಗೆ. ಇದು ನನ್ನ ಮುಖ್ಯ ಆಕ್ಷೇಪ.

ಹಳೆಯ ಉತ್ತರಗಳ ವಿಷಯಕ್ಕೆ ಬರುತ್ತೇನೆ. ಧ್ವನಿ ಕೇಳಿಸುತ್ತಿಲ್ಲ ಎಂದರೆ ಇವತ್ತಿಗೂ ಪಲ್ಸ್‌ಆಡಿಯೊ ಎಂಬ ಹಳೆಯ ಧ್ವನಿ ಸೇವೆಯನ್ನು ಕೊಂದು ಮತ್ತೆ ಶುರು ಮಾಡಿ, ಅದರ ಸೆಟ್ಟಿಂಗ್ ಫೋಲ್ಡರ್ ಅಳಿಸಿ ಎಂಬ ಉತ್ತರ ಬರುತ್ತದೆ. ಫೆಡೋರಾ 2021ರಲ್ಲಿ, 34ನೇ ಆವೃತ್ತಿಯಲ್ಲೇ ಪೈಪ್‌ವೈರ್ ಎಂಬ ಹೊಸ ಧ್ವನಿ ಸೇವೆಗೆ ಹೋಯಿತು, ಉಬುಂಟು 22.10ರಲ್ಲಿ ಹೋಯಿತು. ಈಗ ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ನೋಡಬೇಕಾದ್ದು ಪೈಪ್‌ವೈರ್ ಮತ್ತು ವೈರ್‌ಪ್ಲಂಬರ್ ಸೇವೆಗಳನ್ನು. ಹೊಸಬರು ಹಳೆಯ ಕಮಾಂಡ್ ಓಡಿಸಿ, ಅಂಥ ಪ್ರೋಗ್ರಾಮೇ ಇಲ್ಲ ಎಂಬ ಉತ್ತರ ಪಡೆದು, ಕೊನೆಗೆ ಪಲ್ಸ್‌ಆಡಿಯೊವನ್ನೇ ಇನ್‌ಸ್ಟಾಲ್ ಮಾಡಿಕೊಂಡು ಎರಡನ್ನೂ ಕಿತ್ತಾಡಿಸಿ ಬಿಡುತ್ತಾರೆ. ಪರದೆಯ ರೆಸಲ್ಯೂಷನ್ ಬದಲಿಸಲು ಎಕ್ಸ್‌ರ‍್ಯಾಂಡ್ಆರ್ ಹೇಳುವವರು, ಎದುರಿನವರು ಆ ಕಮಾಂಡ್ ಪರದೆಯನ್ನು ಬದಲಿಸಲಾಗದ ಹೊಸ ಪರದೆ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿದ್ದಾರೆಯೇ ಎಂದು ಕೇಳುವುದಿಲ್ಲ. ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ಸರಿಪಡಿಸಲು ರಿಸಾಲ್ವ್ ಕಾನ್ಫ್ ಫೈಲನ್ನು ನೇರವಾಗಿ ತಿದ್ದಿ ಎನ್ನುತ್ತೇವೆ. ಉಬುಂಟುವಿನಂಥ ಡಿಸ್ಟ್ರೋಗಳಲ್ಲಿ ಅದು ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ನೋಡಿಕೊಳ್ಳುವ ಇನ್ನೊಂದು ಫೈಲಿಗೆ ಕೊಂಡಿ ಮಾತ್ರ, ಯಂತ್ರ ಮತ್ತೆ ಶುರುವಾದರೆ ತಿದ್ದಿದ್ದು ಮಾಯ. ‘ನಿನ್ನೆ ಸರಿಹೋಗಿತ್ತು, ಇವತ್ತು ಮತ್ತೆ ಅದೇ’ ಎಂದು ಅವರು ವಾಪಸು ಬರುತ್ತಾರೆ, ನಾವು ಅದೇ ಉತ್ತರವನ್ನು ಮತ್ತೊಮ್ಮೆ ಕೊಡುತ್ತೇವೆ.

ಪೈಥಾನ್ ವಿಷಯವಂತೂ ಹೇಳಲೇಬೇಕು. ಡೆಬಿಯನ್ ಡಿಸ್ಟ್ರೋದ 12ನೇ ಆವೃತ್ತಿ ಬಂದ ಮೇಲೆ, ಪೈಥಾನ್ ಭಾಷೆಯ ಪ್ಯಾಕೇಜುಗಳನ್ನು ಹಾಕುವ ಪಿಪ್ ಮೂಲಕ ನೇರವಾಗಿ ಏನನ್ನಾದರೂ ಹಾಕಲು ಹೋದರೆ, ಈ ಪರಿಸರವನ್ನು ಡಿಸ್ಟ್ರೋ ನಿರ್ವಹಿಸುತ್ತಿದೆ ಎಂದು ಅದು ತಡೆಯುತ್ತದೆ. ಡಿಸ್ಟ್ರೋದ ಎಷ್ಟೋ ಉಪಕರಣಗಳು ಅದೇ ಪೈಥಾನ್ ಮೇಲೆ ನಿಂತಿವೆ, ಪಿಪ್ ಬೇರೆ ಆವೃತ್ತಿಯ ಲೈಬ್ರರಿಗಳನ್ನು ತಂದು ಹಾಕಿದರೆ ಅವು ಮುರಿಯಬಹುದು ಎಂಬುದು ಅದರ ಕಾರಣ. ದಾರಿಯನ್ನೂ ಅದೇ ಸಂದೇಶ ತೋರಿಸುತ್ತದೆ: ವರ್ಚುವಲ್ ಎನ್ವಿರಾನ್‌ಮೆಂಟ್ (ಪೈಥಾನ್ ಪ್ಯಾಕೇಜುಗಳಿಗೆ ಪ್ರತ್ಯೇಕ ಜಾಗ) ಮಾಡಿಕೊಳ್ಳಿ, ಅಥವಾ ಪಿಪ್‌ಎಕ್ಸ್ ಬಳಸಿ. ನಮ್ಮ ಗುಂಪುಗಳು ಕೊಡುವ ಉತ್ತರ ಮಾತ್ರ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂಬ ಆಯ್ಕೆ ಸೇರಿಸಿ ಎಂಬುದು. ಹೆಸರಿನಲ್ಲೇ ಇಷ್ಟು ದೊಡ್ಡ ಎಚ್ಚರಿಕೆ ಇಟ್ಟಿರುವ ಆಯ್ಕೆಯನ್ನು ಹೊಸಬರಿಗೆ ಮೊದಲ ಔಷಧವಾಗಿ ಕೊಡುವುದು ನನಗೆ ಅರ್ಥವಾಗದ ವಿಚಾರ.

ಈಚೆಗೆ ಇದಕ್ಕೆ ಇನ್ನೊಂದು ಸೇರಿದೆ. ಪ್ರಶ್ನೆಯನ್ನು ಎಐ ಚಾಟ್‌ಬಾಟ್‌ಗೆ ಹಾಕಿ, ಅದು ಬರೆದುಕೊಟ್ಟದ್ದನ್ನು ತಾವು ಓಡಿಸಿಯೂ ನೋಡದೆ ತಮ್ಮ ಹೆಸರಿನಲ್ಲಿ ಅಂಟಿಸುವವರು ಹೆಚ್ಚುತ್ತಿದ್ದಾರೆ. ಇಲ್ಲದ ಆಯ್ಕೆಗಳು, ಬೇರೆ ಡಿಸ್ಟ್ರೋದ ಫೈಲ್ ಹೆಸರುಗಳು ಬಲು ಆತ್ಮವಿಶ್ವಾಸದ ಭಾಷೆಯಲ್ಲಿ ಬಂದು ಕೂರುತ್ತವೆ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲೇ ಚಾಟ್‌ಜಿಪಿಟಿ ಬರೆದ ಉತ್ತರಗಳನ್ನು ನಿಷೇಧಿಸಿತು. ಯಂತ್ರದ ನೆರವು ಪಡೆಯುವುದು ತಪ್ಪೆಂದು ನಾನು ಹೇಳುವುದಿಲ್ಲ. ಪ್ರಶ್ನೆ ಕೇಳಿದವರೂ ಅದನ್ನು ಕೇಳಬಲ್ಲರು. ನಮ್ಮ ಬಳಿ ಬಂದಿರುವುದು ಮನುಷ್ಯರೊಬ್ಬರು ಪರೀಕ್ಷಿಸಿ ಹೇಳಲಿ ಎಂದು.

ಇನ್ನು ‘ಮೊದಲು ಹುಡುಕಿ ನೋಡಿ’ ಎಂಬ ಗದರಿಕೆ. ಏನೆಂದು ಹುಡುಕಬೇಕೆಂದು ಗೊತ್ತಿದ್ದರೆ ಅರ್ಧ ಸಮಸ್ಯೆ ಬಗೆಹರಿದಂತೆ. ‘ನೆಟ್ ಬರ್ತಿಲ್ಲ’ ಎನ್ನುವವರಿಗೆ ಅದು ವೈಫೈ ಚಿಪ್‌ನ ಫರ್ಮ್‌ವೇರ್ ಇಲ್ಲದಿರುವುದೋ, ರೇಡಿಯೊವನ್ನೇ ಬಂದ್ ಮಾಡಿರುವ ಸ್ವಿಚ್ಚೋ, ಡಿಎನ್‌ಎಸ್ಸೋ ಎಂಬ ವಿಂಗಡಣೆ ಹೇಗೆ ತಿಳಿಯಬೇಕು? ಆ ವಿಂಗಡಣೆ ಮಾಡಿಕೊಡುವುದೇ ನಿಮ್ಮ ಅನುಭವದ ಬೆಲೆ. ಒಂದು ಐಪಿ ವಿಳಾಸಕ್ಕೆ ಪಿಂಗ್ (ತಲುಪುತ್ತದೆಯೇ ಎಂದು ನೋಡುವ ಪರೀಕ್ಷೆ) ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ ಎಂದಾದರೆ ಡಿಎನ್‌ಎಸ್ ಕಡೆ ನೋಡು ಎಂದು ಕಲಿಸಿದವರು ನನಗೆ ಇನ್ನೂ ನೆನಪಿದ್ದಾರೆ. ಆ ಒಂದು ಮಾತಿನಿಂದ ಎಷ್ಟು ಜನರಿಗೆ ನಾನು ನೆರವಾಗಿದ್ದೇನೋ ಲೆಕ್ಕವಿಲ್ಲ.

ಸಣ್ಣ ಲಕ್ಷಣವನ್ನು ಬಿಡದೆ ಹಿಂಬಾಲಿಸುವುದರಿಂದ ಏನಾಗಬಹುದು ಎಂಬುದಕ್ಕೆ 2024ರ ಮಾರ್ಚ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ದತ್ತಸಂಚಯ ತಂತ್ರಾಂಶದ ಅಭಿವೃದ್ಧಿಕಾರ ಆಂಡ್ರೆಸ್ ಫ್ರಾಯ್ಂಡ್ ಅವರಿಗೆ ಡೆಬಿಯನ್‌ನ ಅಸ್ಥಿರ ಆವೃತ್ತಿಯಲ್ಲಿ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದು ಕಂಡಿತು. ಅರ್ಧ ಸೆಕೆಂಡ್! ಪ್ರೊಸೆಸರ್ ಯಾಕೆ ಇಷ್ಟು ದುಡಿಯುತ್ತಿದೆ ಎಂದು ಒಂದೊಂದೇ ಪದರ ಬಿಡಿಸುತ್ತ ಹೋದಾಗ ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಉದ್ದೇಶಪೂರ್ವಕವಾಗಿ ಅಡಗಿಸಿಟ್ಟ ಕಳ್ಳಬಾಗಿಲು ಸಿಕ್ಕಿತು. ಮಾರ್ಚ್ 29ರಂದು ಅವರು ಅದನ್ನು ಬಹಿರಂಗಪಡಿಸಿದರು. ದೊಡ್ಡ ಡಿಸ್ಟ್ರೋಗಳ ಸ್ಥಿರ ಆವೃತ್ತಿಗಳಿಗೆ ಅದು ಸೇರುವ ಮೊದಲೇ ಸಿಕ್ಕಿಬಿದ್ದದ್ದು ನಮ್ಮ ಪುಣ್ಯ. ‘ರೀಇನ್‌ಸ್ಟಾಲ್ ಮಾಡಿ ನೋಡಿ’ ಎಂದು ಅವರಿಗೆ ಯಾರಾದರೂ ಹೇಳಿ, ಅವರು ಕೇಳಿಬಿಟ್ಟಿದ್ದರೆ?

ಅದೇ ಪ್ರಕರಣದಲ್ಲಿ ನಿಮ್ಮ ಪರವಾಗಿ ಹೇಳಬೇಕಾದ್ದೂ ಇದೆ. ಎಕ್ಸ್‌ಝಡ್ ತಂತ್ರಾಂಶವನ್ನು ಲಾಸ್ಸೆ ಕಾಲಿನ್ ಎಂಬ ಒಬ್ಬರೇ ವರ್ಷಗಟ್ಟಲೆ ಸಂಬಳವಿಲ್ಲದೆ ನಡೆಸಿಕೊಂಡು ಬಂದಿದ್ದರು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ ಎಂದು ಅವರು 2022ರಲ್ಲಿ ತೋಡಿಕೊಂಡ ನಂತರವೂ, ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ ಎಂಬ ಒತ್ತಡ ನಿಲ್ಲಲಿಲ್ಲ. ನೆರವಿನ ಹೆಸರಿನಲ್ಲಿ ಬಂದು ವಿಶ್ವಾಸ ಗಳಿಸಿದ ಖಾತೆಯಿಂದಲೇ ಆ ಕಳ್ಳಬಾಗಿಲು ಬಂತು. ಪುಕ್ಕಟೆ ದುಡಿಯುವವರ ಮೇಲೆ ಹೇರಿದ ಒತ್ತಡ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ನನಗೂ ಗೊತ್ತು. ಹಾಗಾಗಿ ಎಲ್ಲ ಪ್ರಶ್ನೆಗೂ ಉತ್ತರಿಸಿ, ಬೇಗ ಉತ್ತರಿಸಿ ಎಂದು ನಾನು ಕೇಳುತ್ತಿಲ್ಲ. ಕಡಿಮೆ ಉತ್ತರಿಸಿದರೂ ಸರಿ, ಪೂರ್ತಿಯಾಗಿ ಉತ್ತರಿಸಿ ಎನ್ನುತ್ತಿದ್ದೇನೆ. ಸಮಯವಿಲ್ಲದ ದಿನ ಸುಮ್ಮನಿರುವುದರಿಂದ ಯಾರ ಡಿಸ್ಕೂ ಅಳಿಸಿಹೋಗುವುದಿಲ್ಲ.

ಪೂರ್ತಿ ಉತ್ತರ ಎಂದರೆ ಮಾರುದ್ದದ ಪಾಠವೇನೂ ಬೇಡ. ಆ ವಿದ್ಯಾರ್ಥಿನಿಗೆ ಹೀಗೆ ಬರೆದಿದ್ದರೆ ಸಾಕಿತ್ತು: ‘ನಿಮ್ಮ ಲಾಗ್ ನೋಡಿದೆ. ವಿಂಡೋಸ್ ಪೂರ್ತಿ ಮುಚ್ಚಿಲ್ಲ, ಆದ್ದರಿಂದ ಲಿನಕ್ಸ್ ಆ ಡ್ರೈವ್‌ನಲ್ಲಿ ಬರೆಯಲು ಬಿಡುತ್ತಿಲ್ಲ. ನಿಮ್ಮ ಫೈಲುಗಳಿಗೆ ಏನೂ ಆಗಿಲ್ಲ. ವಿಂಡೋಸ್‌ಗೆ ಹೋಗಿ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದು ಶಟ್‌ಡೌನ್ ಮಾಡಿ ಬನ್ನಿ. ಹೈಬರ್ನೇಷನ್ ಫೈಲ್ ಅಳಿಸಿ ಬಲವಂತವಾಗಿ ತೆರೆಯುವ ಕಮಾಂಡ್ ಯಾರಾದರೂ ಕೊಟ್ಟರೆ ಓಡಿಸಬೇಡಿ, ವಿಂಡೋಸ್‌ನಲ್ಲಿ ಸೇವ್ ಆಗದೆ ಉಳಿದದ್ದೇನಾದರೂ ಇದ್ದರೆ ಹೋಗುತ್ತದೆ. ಸರಿಹೋಗದಿದ್ದರೆ ಹೊಸ ಲಾಗ್ ಕಳಿಸಿ.’ ಇಷ್ಟೇ. ಇದರಲ್ಲಿ ಕಮಾಂಡೇ ಇಲ್ಲ.

ಆದ್ದರಿಂದ ನನ್ನ ಕೋರಿಕೆಗಳನ್ನು ನಿಮ್ಮ ಮುಂದಿಡುತ್ತೇನೆ.

ಉತ್ತರ ಕೊಡುವ ಹಿರಿಯರಲ್ಲಿ: ಮೊದಲು ನೋಡುವ ಕಮಾಂಡ್ ಕೊಡಿ, ಆಮೇಲೆ ಬದಲಿಸುವ ಕಮಾಂಡ್. ಡಿಸ್ಕ್‌ಗಳ ಪಟ್ಟಿ, ಜಾಗದ ಲೆಕ್ಕ, ಕರ್ನಲ್ ಲಾಗ್, ಯಾವ ಸಾಧನಕ್ಕೆ ಯಾವ ಡ್ರೈವರ್ ಹತ್ತಿದೆ ಎಂಬ ವಿವರ ಇವನ್ನೆಲ್ಲ ತೋರಿಸುವ ಕಮಾಂಡ್‌ಗಳಿಂದ ಯಾವ ಅಪಾಯವೂ ಇಲ್ಲ. ಫಲಿತಾಂಶವನ್ನು ಫೋಟೊ ಬದಲು ಪಠ್ಯವಾಗಿ ತರಿಸಿಕೊಂಡು, ನಿಜವಾಗಿಯೂ ಓದಿ. ಬದಲಿಸುವ ಕಮಾಂಡ್ ಕೊಡುವಾಗ ಅದು ಏನು ಮಾಡುತ್ತದೆಂದು ಒಂದು ವಾಕ್ಯ, ಹಿಂತೆಗೆಯುವುದು ಹೇಗೆಂದು ಇನ್ನೊಂದು ವಾಕ್ಯ ಬರೆಯಿರಿ. ಯಾವ ಡಿಸ್ಕ್ ಎಲ್ಲಿ ತೆರೆಯಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲನ್ನು ತಿದ್ದಿಸುವ ಮುನ್ನ ಅದರ ಒಂದು ಪ್ರತಿ ತೆಗೆದಿಡಲು ಹೇಳಿ. ಅಲ್ಲಿ ಒಂದು ಸಾಲು ತಪ್ಪಿದರೆ ಯಂತ್ರ ಮುಂದಿನ ಸಲ ತುರ್ತು ಸ್ಥಿತಿಯಲ್ಲಿ ಹೋಗಿ ನಿಲ್ಲುತ್ತದೆ, ಹೊಸಬರಿಗೆ ಆ ಕಪ್ಪು ಪರದೆಯಿಂದ ಹೊರಬರುವುದು ತಿಳಿಯದು. ಕಪ್ಪು ಪರದೆಗೆ ‘ನೋಮೋಡ್‌ಸೆಟ್’ ಎಂಬ, ಗ್ರಾಫಿಕ್ಸ್ ಡ್ರೈವರನ್ನು ತಡೆಯುವ ಬೂಟ್ ಆಯ್ಕೆ ಹೇಳಿದರೆ, ಇದು ಒಳಗೆ ಹೋಗಿ ಸರಿಯಾದ ಡ್ರೈವರ್ ಹಾಕುವ ತನಕ ಮಾತ್ರ, ಆಮೇಲೆ ತೆಗೆಯಬೇಕು ಎಂಬುದನ್ನೂ ಹೇಳಿ. ಅದನ್ನು ಹಾಗೆಯೇ ಬಿಟ್ಟುಕೊಂಡು, ಲಿನಕ್ಸ್ ನಿಧಾನ ಎಂದು ಕೊರಗುವವರನ್ನು ಕಂಡಿದ್ದೇನೆ.

ಡಿಸ್ಕ್‌ಗೆ ಸಂಬಂಧಿಸಿದ ಏನೇ ಇರಲಿ, ಪಾರ್ಟಿಷನ್, ಡಿಡಿ (ಡಿಸ್ಕ್ ನಕಲಿಸುವ ಕಮಾಂಡ್), ಎಫ್‌ಎಸ್‌ಸಿಕೆ (ಡಿಸ್ಕ್ ದೋಷ ಪರಿಶೀಲಿಸುವ ಕಮಾಂಡ್), ರೀಇನ್‌ಸ್ಟಾಲ್, ಮೊದಲ ವಾಕ್ಯ ‘ನಿಮ್ಮ ಫೈಲುಗಳ ಪ್ರತಿ ಬೇರೆ ಕಡೆ ಇದೆಯೇ?’ ಎಂಬುದಾಗಿರಲಿ. ಅನಾಹುತವಾದ ಮೇಲೆ ಅದೇ ಪ್ರಶ್ನೆ ಕೇಳುವುದು ಕ್ರೌರ್ಯ.

ಮಾತುಕತೆಯನ್ನು ಖಾಸಗಿ ಸಂದೇಶಕ್ಕೆ ಒಯ್ಯಬೇಡಿ. ಅಪರಿಚಿತರಿಗೆ ರಿಮೋಟ್ ಡೆಸ್ಕ್‌ಟಾಪ್ ತೆರೆದುಕೊಡಿ ಎಂದಂತೂ ಹೇಳಲೇಬೇಡಿ. ಇವತ್ತು ನಿಮ್ಮಂಥ ಸಜ್ಜನರಿಗೆ ತೆರೆದ ಬಾಗಿಲನ್ನು ನಾಳೆ ಇನ್ನಾರಿಗೋ ತೆರೆಯುವ ಅಭ್ಯಾಸ ಅವರಿಗೆ ಬೀಳುತ್ತದೆ. ಡೆಬಿಯನ್‌ನವರು 1997ರಲ್ಲಿ ಸಮುದಾಯಕ್ಕೆ ಕೊಟ್ಟ ವಚನಗಳಲ್ಲಿ ‘ಸಮಸ್ಯೆಗಳನ್ನು ಮುಚ್ಚಿಡುವುದಿಲ್ಲ’ ಎಂಬುದೂ ಒಂದು, ಅವರ ದೋಷವರದಿಗಳೆಲ್ಲ ಎಲ್ಲರಿಗೂ ತೆರೆದೇ ಇವೆ. ಪರಿಹಾರವೂ ಹಾಗೆ ಎಲ್ಲರ ಕಣ್ಣಿಗೆ ಬೀಳುವ ಕಡೆ ಉಳಿಯಬೇಕು. ಹೊಸಬರು ‘ಸರಿಹೋಯಿತು, ಥ್ಯಾಂಕ್ಸ್’ ಎಂದಾಗ, ಯಾವುದರಿಂದ ಸರಿಹೋಯಿತು ಎಂದು ಇನ್ನೊಂದು ಸಾಲು ಬರೆಸಿಕೊಳ್ಳಿ. ಮತ್ತು ಅದು ತಂತ್ರಾಂಶದ ದೋಷವೇ ಆಗಿದ್ದರೆ ಸಂಬಂಧಪಟ್ಟ ಡಿಸ್ಟ್ರೋಗೆ ವರದಿ ಮಾಡುವುದು ಹೇಗೆಂದು ತೋರಿಸಿಕೊಡಿ. ನಾವು ಗುಂಪಿನೊಳಗೇ ತೇಪೆ ಹಚ್ಚಿಕೊಂಡು ಕೂತರೆ ಅದನ್ನು ಬರೆದವರಿಗೆ ದೋಷವಿರುವುದೇ ತಿಳಿಯುವುದಿಲ್ಲ.

ನಿರ್ವಾಹಕರಲ್ಲಿ ನನ್ನ ಕೋರಿಕೆ ಇನ್ನೂ ಸ್ಪಷ್ಟವಾಗಿದೆ. ವಿವರಣೆಯಿಲ್ಲದ ಸುಡೊ ಸಾಲು ಕಂಡರೆ ತಡೆಹಿಡಿದು, ವಿವರ ಸೇರಿಸಿದ ಮೇಲೆ ಪ್ರಕಟಿಸಿ. ಇಂಟರ್ನೆಟ್‌ನಿಂದ ಸ್ಕ್ರಿಪ್ಟ್ ಇಳಿಸಿ ನೇರವಾಗಿ ರೂಟ್ ಎಂಬ ಪೂರ್ಣಾಧಿಕಾರದಲ್ಲಿ ಓಡಿಸುವ ಉತ್ತರಗಳಿಗೂ ಇದೇ ನಿಯಮ ಇರಲಿ. ಪ್ರತಿ ಉತ್ತರದ ಜೊತೆ ಅದು ಯಾವ ಡಿಸ್ಟ್ರೋದ ಯಾವ ಆವೃತ್ತಿಗೆ, ಯಾವ ವರ್ಷದಲ್ಲಿ ಎಂಬುದನ್ನು ಕಡ್ಡಾಯ ಮಾಡಿ. ತಂತ್ರಾಂಶ ಭಂಡಾರಗಳ ಕೀಲಿಯನ್ನು ಆಪ್ಟ್-ಕೀ ಮೂಲಕ ಸೇರಿಸುವಂಥ, ಈಗ ಕೈಬಿಟ್ಟಿರುವ ವಿಧಾನಗಳನ್ನು ಹೇಳುವ ಹಳೆಯ ಉತ್ತರಗಳ ಮೇಲೆ ‘ಹಳತಾಗಿದೆ’ ಎಂಬ ಗುರುತು ಹಾಕಿ, ಅಳಿಸುವುದು ಬೇಡ. ತಾವು ಪರೀಕ್ಷಿಸದ ಎಐ ಉತ್ತರಗಳನ್ನು ತಮ್ಮದೆಂದು ಹಾಕುವುದನ್ನು ನಿಯಮಬಾಹಿರ ಎಂದು ಘೋಷಿಸಿ. ಹೊಸಬರು ಅಂಟಿಸುವ ಲಾಗ್‌ಗಳಲ್ಲಿ ಪಾಸ್‌ವರ್ಡ್, ಕೀಲಿ, ಸೀರಿಯಲ್ ನಂಬರ್ ಕಂಡರೆ ಅವರನ್ನು ಗದರುವ ಮುನ್ನ ಮರೆಮಾಡಿ. ‘ಅಷ್ಟೂ ಗೊತ್ತಿಲ್ಲವೇ’ ಎಂಬಂಥ ಮಾತುಗಳಿಗೆ, ಆಡಿದವರು ಎಷ್ಟೇ ಹಿರಿಯರಾಗಿರಲಿ, ಒಂದು ಮಿತಿ ಹಾಕಿ.

ಇದೆಲ್ಲ ನಿಮಗೆ ಹೆಚ್ಚಿನ ಹೊರೆ ಎಂದು ನನಗೆ ತಿಳಿದಿದೆ. ಅದರಲ್ಲಿ ಒಂದು ಪಾಲು ಹೊರಲು ನಾನು ಸಿದ್ಧ. ಧ್ವನಿ, ನೆಟ್‌ವರ್ಕ್ ಮತ್ತು ಎರಡು ವ್ಯವಸ್ಥೆಗಳಿರುವ ಯಂತ್ರಗಳ ಬಗ್ಗೆ ಈಗಿರುವ ಹಳೆಯ ಉತ್ತರಗಳನ್ನು ಒಂದೊಂದಾಗಿ ಓಡಿಸಿ ನೋಡಿ, ಆವೃತ್ತಿ, ಕಾರಣ ಮತ್ತು ಹಿಂತೆಗೆಯುವ ದಾರಿ ಸೇರಿಸಿ ಮತ್ತೆ ಬರೆದುಕೊಡುತ್ತೇನೆ. ಡಿಸ್ಕ್ ಮತ್ತು ಬೂಟ್ ಬಗ್ಗೆ ನನಗಿಂತ ಹೆಚ್ಚು ಬಲ್ಲವರು ನಿಮ್ಮಲ್ಲಿದ್ದಾರೆ, ಅವರು ಆ ಭಾಗ ವಹಿಸಿಕೊಳ್ಳಲಿ. ಮೊದಲ ಕಂತಿನಲ್ಲಿ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಪ್ರಶ್ನೆಯ ಉತ್ತರವನ್ನೇ ತಿದ್ದಿ ಕಳಿಸುತ್ತಿದ್ದೇನೆ. ತಪ್ಪಿದ್ದರೆ ಎಲ್ಲರ ಎದುರಿಗೇ ತಿದ್ದಿ, ಸರಿಯಿದ್ದರೆ ಆ ಹಳೆಯ ಒಂದು ಸಾಲಿನ ಮೇಲ್ಗಡೆ ಅದನ್ನು ಹಾಕಿ. ನಿರ್ವಾಹಕರು ಈ ಪತ್ರಕ್ಕೆ ಗುಂಪಿನಲ್ಲೇ, ಎಲ್ಲರಿಗೂ ಕಾಣುವಂತೆ ಉತ್ತರಿಸಬೇಕೆಂದು ವಿನಂತಿ.

ಇಂತಿ,
ನಿಮ್ಮ ಗುಂಪುಗಳಲ್ಲೇ ಕಲಿತ ಒಬ್ಬ ಬಳಕೆದಾರ